ಹಿತ್ತಲಿನ ಹುರುಳಿಕಾಯಿ, ಮನೆಮಂದಿಯ ಆರೋಗ್ಯ

ಅಲ್ಲಮಪ್ರಭುದೇವರ ಜನ್ಮಭೂಮಿಯೆಂದು ನಾವೆಲ್ಲರೂ ಭಕ್ತಿಯಿಂದ ನೆನೆಯುವ ಬಳ್ಳಿಗಾವಿಯು ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಮಠವನ್ನು ಕ್ರಿ.ಶ. 1162ರ ಶಾಸನವೊಂದು ವಿಸ್ತಾರವಾಗಿ ಕೊಂಡಾಡಿದೆ. ಆ ಮಠವು ವಿದ್ಯೆಯ ನೆಲೆಯಾಗಿತ್ತೆಂದು ಹೇಳುವುದರ ಜೊತೆಗೆ, ದೀನರಿಗೂ ಅನಾಥರಿಗೂ ಅಂಗವಿಕಲರಿಗೂ ಅನ್ನವಿಕ್ಕುವ ಸ್ಥಾನವಾಗಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವಾಗಿತ್ತೆಂದೂ ಆ ಶಾಸನವು ತಿಳಿಸುತ್ತದೆ. ಎಂಟೂವರೆ ಶತಮಾನಗಳ ಹಿಂದೆಯೇ ಈ ನೆಲದಲ್ಲಿ ಅನ್ನ ಮತ್ತು ಔಷಧ ಒಂದೇ ಅಂಗಳದಲ್ಲಿದ್ದವು ಎಂಬುದು ಚಿಂತಿಸಬೇಕಾದ ಸಂಗತಿ.

ನಮ್ಮ ಮನೆಗಳಲ್ಲಿ ಅನ್ನವೂ ಔಷಧವೂ ಕೂಡುವ ಸ್ಥಳ ಯಾವುದು? ಹಿಂದೆ ಅದು ಹಿತ್ತಲಾಗಿತ್ತು. ಬಚ್ಚಲಿನ ನೀರು ಹರಿಯುವ ಕಡೆ ಬಸಳೆ, ಬೇಲಿಯ ಮೇಲೆ ಹೀರೆ ಮತ್ತು ಅವರೆ, ಮೂಲೆಯಲ್ಲಿ ನುಗ್ಗೆ, ನಡುವೆ ನಾಲ್ಕು ಸಾಲು ಬದನೆ, ಮೆಣಸು, ಹುರುಳಿಕಾಯಿ. ಈಗ ಅನೇಕ ಊರುಗಳಲ್ಲಿ ಹಿತ್ತಲಿನವರೆಗೂ ಅಡಿಕೆ ಬಂದಿದೆ, ಹೊಲವೆಲ್ಲ ಮೆಕ್ಕೆಜೋಳವಾಗಿದೆ. ಎಕರೆಗಟ್ಟಲೆ ಭೂಮಿಯುಳ್ಳ ಮನೆಯವರೂ ವಾರದ ಸಂತೆಯಿಂದ ಚೀಲದಲ್ಲಿ ತರಕಾರಿ ತರುತ್ತಾರೆ. ಮೂರನೆಯ ದಿನಕ್ಕೆ ಅದು ಬಾಡುತ್ತದೆ. ನಾಲ್ಕನೆಯ ದಿನದಿಂದ ಅನ್ನ, ತಿಳಿಸಾರು, ಉಪ್ಪಿನಕಾಯಿ.

ಈ ಮಾತನ್ನು ಪರರನ್ನು ಕುರಿತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆಯಿದೆಯೆಂದು ತಿಳಿದಾಗ, ಮಾತ್ರೆಗಳನ್ನು ಬರೆದುಕೊಟ್ಟ ವೈದ್ಯರು, "ಯಜಮಾನರೇ, ಊಟದಲ್ಲಿ ತರಕಾರಿ ಎಷ್ಟು ತಗೋತೀರಿ?" ಎಂದು ಕೇಳಿದರು. "ಸಾರಿನಾಗೆ ಇರ್ತತಲ್ಲ ಸ್ವಾಮಿ" ಎಂದು ತಂದೆಯವರು ಉತ್ತರಿಸಿದರು. ವೈದ್ಯರು ನಕ್ಕರು, ನಾನು ತಲೆ ತಗ್ಗಿಸಿದೆ. ನಾಲ್ಕು ಎಕರೆ ಉಳುವ ರೈತನ ತಟ್ಟೆಯಲ್ಲಿ ತರಕಾರಿ ಎಂಬುದು ಸಾರಿನಲ್ಲಿ ತೇಲುವ ಎರಡು ಹೋಳುಗಳಾಗಿತ್ತು. ಅಂದು ಮನೆಗೆ ಮರಳಿದ ಮೇಲೆ ಹಿತ್ತಲಿನಲ್ಲಿ ಮೊದಲು ಬಿತ್ತಿದ್ದು ಹುರುಳಿಕಾಯಿಯನ್ನು. ಅದನ್ನು ಸರಿಯಾಗಿ ಬೆಳೆಯಲು ನಮಗೆ ಮೂರು ವರ್ಷಗಳು ಹಿಡಿದವು. ಆ ಮೂರು ವರ್ಷಗಳಲ್ಲಿ ಕಲಿತದ್ದನ್ನು ಓದುಗ ಶರಣಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ತಟ್ಟೆಯಲ್ಲಿ ಎಷ್ಟಿರಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಗಳನ್ನು ಪರಿಷ್ಕರಿಸಿ ಪ್ರಕಟಿಸಿತು. ದಿನಕ್ಕೆ 2000 ಕ್ಯಾಲೊರಿಯ ಆಹಾರ ಸೇವಿಸುವ ವ್ಯಕ್ತಿಗೆ ಸೊಪ್ಪು ಮತ್ತು ತರಕಾರಿಗಳು ಸೇರಿ 400 ಗ್ರಾಂ ಬೇಕೆಂದು ಅದು ಸೂಚಿಸುತ್ತದೆ. ನಾಲ್ವರಿರುವ ಮನೆಗೆ ಇದು ದಿನಕ್ಕೆ ಒಂದೂವರೆ ಕಿಲೋಗ್ರಾಂ ದಾಟುತ್ತದೆ. ಇಷ್ಟನ್ನೂ ಹಣ ಕೊಟ್ಟು ತರುವುದು ಎಲ್ಲ ಮನೆಗಳಿಗೂ ಸಾಧ್ಯವಿಲ್ಲ. ಆದುದರಿಂದ ಒಂದು ಪಾಲಾದರೂ ಮನೆಯ ಹಿಂದಿನಿಂದ ಬರಬೇಕು.

ಹುರುಳಿಕಾಯಿಯನ್ನು ನಮ್ಮ ಸಂತೆಗಳಲ್ಲಿ ಬೀನ್ಸ್ ಎಂದು ಕರೆಯುವುದೇ ರೂಢಿಯಾಗಿದೆ. ತಿಂಗಳಹುರುಳಿ ಎಂಬ ಹೆಸರೂ ಇದಕ್ಕುಂಟು. ಮೊಳಕೆ ಕಟ್ಟುವ, ಕಟ್ಟು ತೆಗೆಯುವ ಹುರುಳಿಕಾಳಿಗೂ ಇದಕ್ಕೂ ಹೆಸರಿನ ಹೋಲಿಕೆಯಿದೆಯೇ ಹೊರತು ಗಿಡಗಳು ಬೇರೆ ಬೇರೆ. ನೂರು ಗ್ರಾಂ ಹಸಿ ಹುರುಳಿಕಾಯಿಯಲ್ಲಿ ಸುಮಾರು 90 ಗ್ರಾಂ ನೀರೇ ಇರುತ್ತದೆ. ಉಳಿದುದರಲ್ಲಿ ನಾರಿನಂಶ ಎರಡೂವರೆ ಗ್ರಾಂಗೂ ಮಿಗಿಲು, ಪ್ರೋಟೀನು ಎರಡು ಗ್ರಾಂಗೆ ಸಮೀಪ. ಶಕ್ತಿಯ ಪ್ರಮಾಣ ಸುಮಾರು 30 ಕ್ಯಾಲೊರಿ ಮಾತ್ರ. ಸಿ ಜೀವಸತ್ವ, ಕೆ ಜೀವಸತ್ವ, ಫೋಲೇಟ್, ಪೊಟ್ಯಾಸಿಯಂ ಇವೆಲ್ಲವೂ ಹಿತಮಿತವಾಗಿ ಇವೆ. ಹೊಟ್ಟೆ ತುಂಬುತ್ತದೆ, ಆದರೆ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವುದಿಲ್ಲ. ಅನ್ನದ ಪ್ರಮಾಣವನ್ನು ತಗ್ಗಿಸಿ ಆ ಜಾಗದಲ್ಲಿ ಪಲ್ಯವನ್ನು ಹೆಚ್ಚಿಸಬೇಕಾದ ಮಧುಮೇಹಿಗಳಿಗೆ ಇದಕ್ಕಿಂತ ಸುಲಭವಾದ ಕಾಯಿ ಇನ್ನೊಂದಿಲ್ಲ.

ದೂರದಿಂದ ಬಂದ ನಂಟ

ಈ ಕಾಯಿ ಹನ್ನೆರಡನೆಯ ಶತಮಾನದ ಶರಣರ ದಾಸೋಹದಲ್ಲಿ ಇರಲಿಲ್ಲ. ಅಂದು ನಮ್ಮ ನಾಡಿನಲ್ಲಿ ಅವರೆ, ಅಲಸಂದೆ, ಹೆಸರು, ಹುರುಳಿಗಳಿದ್ದವು. ಹುರುಳಿಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೋ ಮತ್ತು ಆಂಡೀಸ್ ಪರ್ವತಗಳ ಸೀಮೆಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಕೃಷಿಗೆ ತಂದಿದ್ದರು. ಮೆಣಸಿನಕಾಯಿ, ಆಲೂಗಡ್ಡೆ, ಮೆಕ್ಕೆಜೋಳಗಳಂತೆ ಇದೂ ಯುರೋಪಿನ ನಾವಿಕರು ಅಲ್ಲಿಗೆ ದಾರಿ ಕಂಡ ಬಳಿಕ ಲೋಕವನ್ನೆಲ್ಲ ಹರಡಿತು.

ಅಲ್ಲಿಯ ರೈತರು ಮೆಕ್ಕೆಜೋಳ, ಹುರುಳಿಕಾಯಿ ಮತ್ತು ಕುಂಬಳವನ್ನು ಒಂದೇ ಹೊಲದಲ್ಲಿ ಕೂಡಿಸಿ ಬಿತ್ತುತ್ತಿದ್ದರು. ಜೋಳದ ದಂಟಿಗೆ ಬಳ್ಳಿ ಹುರುಳಿ ಹಬ್ಬುತ್ತಿತ್ತು. ಕುಂಬಳದ ಎಲೆ ನೆಲವನ್ನು ಮುಚ್ಚಿ ಕಳೆಯನ್ನು ತಡೆಯುತ್ತಿತ್ತು. ಹೊಲದಲ್ಲಿ ಒಡನಾಡಿಗಳಾದ ಈ ಮೂರೂ ತಟ್ಟೆಯಲ್ಲಿಯೂ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತಿದ್ದವು. ನಾವಾದರೋ ಮೆಕ್ಕೆಜೋಳವೊಂದನ್ನೇ ಹೊಲಕ್ಕೆ ಕರೆದೆವು. ಅದರ ಸಂಗಾತಿಗಳನ್ನು ಮರೆತೆವು. ಆ ಸಂಗಾತಿಗೆ ಹಿತ್ತಲಿನಲ್ಲಾದರೂ ನಾಲ್ಕು ಹೆಜ್ಜೆ ಜಾಗ ಕೊಡಬಹುದು.

ಹುರುಳಿಕಾಯಿಯಲ್ಲಿ ಎರಡು ಬಗೆ. ಚಪ್ಪರ ಬೇಡುವ ಬಳ್ಳಿ ಜಾತಿ ಒಂದು. ಮೊಣಕಾಲೆತ್ತರ ಬೆಳೆದು ಆಸರೆಯಿಲ್ಲದೆ ನಿಲ್ಲುವ ಗಿಡ್ಡ ಜಾತಿ, ಎಂದರೆ ಪೊದೆ ಹುರುಳಿ, ಇನ್ನೊಂದು. ಮನೆಯ ಹಿತ್ತಲಿಗೆ ಪೊದೆ ಜಾತಿಯೇ ಅನುಕೂಲ. ಬಿತ್ತಿದ 45ರಿಂದ 55 ದಿನಗಳಲ್ಲಿ ಮೊದಲ ಕೊಯ್ಲು ಸಿಗುತ್ತದೆ; 70ರಿಂದ 75 ದಿನಗಳಲ್ಲಿ ಬೆಳೆ ಮುಗಿದು ಮಡಿ ಖಾಲಿಯಾಗುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಕೋಮಲ್, ಅರ್ಕಾ ಸುವಿಧಾ, ಅರ್ಕಾ ಅನೂಪ್, ಅರ್ಕಾ ಶರತ್, ಅರ್ಕಾ ಅರ್ಜುನ್ ಮೊದಲಾದ ಪೊದೆ ತಳಿಗಳನ್ನು ಬಿಡುಗಡೆ ಮಾಡಿದೆ. ಇವುಗಳಲ್ಲಿ ಅನೂಪ್ ತಳಿಯು ತುಕ್ಕು ರೋಗವನ್ನೂ ದುಂಡಾಣು ಅಂಗಮಾರಿಯನ್ನೂ ತಾಳಿಕೊಳ್ಳುತ್ತದೆ. ಅರ್ಜುನ್ ತಳಿಯು ಹಳದಿ ನಂಜು ರೋಗವನ್ನು ತಡೆಯುತ್ತದೆ. ಸುವಿಧಾ ಮತ್ತು ಶರತ್ ತಳಿಗಳ ಕಾಯಿಗೆ ನಾರು ಇರುವುದಿಲ್ಲ.

ಮೊದಲ ವರ್ಷದ ಪಾಠ: ಕಾಲ

ಮೊದಲ ವರ್ಷ ನಾವು ಪುಷ್ಯ ಮಳೆಯ ಕಾಲದಲ್ಲಿ ಬಿತ್ತಿದೆವು. ಬೇಗ ಮೊಳೆಯಲೆಂದು ಬೀಜವನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿದ್ದೆವು. ಹತ್ತು ದಿನ ಕಳೆದರೂ ಒಂದು ಮೊಳಕೆ ಕಾಣಲಿಲ್ಲ. ಕೆದಕಿ ನೋಡಿದರೆ ಬೀಜಗಳೆಲ್ಲ ಕೊಳೆತು ಲೋಳೆಯಾಗಿದ್ದವು. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ನೋಡಿ, "ನೆಲನೇ ನೆಂದು ಕುಂತೈತಿ, ಬೀಜ ಬೇರೆ ಯಾಕೆ ನೆನೆಸಿದ್ಯೋ ತಮ್ಮಾ?" ಎಂದರು.

ಅಜ್ಜಿಯ ಪ್ರಶ್ನೆಯಲ್ಲಿ ಶಾಸ್ತ್ರವಿತ್ತು. ಹುರುಳಿಕಾಯಿಯ ಬೀಜವು ಒಮ್ಮೆಗೇ ಹೆಚ್ಚು ನೀರು ಕುಡಿದರೆ ಸಿಪ್ಪೆ ಬಿರಿದು ಒಳಗಿನ ಬೇಳೆ ಒಡೆಯುತ್ತದೆ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಬೂಷ್ಟು ಅದನ್ನು ತಿನ್ನುತ್ತದೆ. ಈ ಗಿಡಕ್ಕೆ ಹಿತವಾದುದು 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಬೇಸಿಗೆಯ ಉರಿಬಿಸಿಲಿನಲ್ಲಿ ಹೂವು ಕಾಯಿಗಟ್ಟದೆ ಉದುರುತ್ತದೆ. ಎಡೆಬಿಡದ ಮಳೆಯಲ್ಲಿ ಬೇರು ಕೊಳೆಯುತ್ತದೆ.

ಕುಮುದ್ವತಿಯ ದಡದ ಶಿಕಾರಿಪುರಕ್ಕೂ ದಂಡಾವತಿಯ ದಡದ ಸೊರಬಕ್ಕೂ ಆದುದರಿಂದ ಒಂದೇ ಮಾತು ಹೇಳಬಹುದು: ಹಸ್ತ ಮಳೆ ಇಳಿಮುಖವಾಗುವಾಗ ಸಿದ್ಧರಾಗಿ, ಚಿತ್ತೆ, ಸ್ವಾತಿಗಳಲ್ಲಿ ಹೊಳವಾದ ದಿನ ನೋಡಿ ಬಿತ್ತಿರಿ. ಆಶ್ವಯುಜದ ಹುಣ್ಣಿಮೆಯಂದು ನಮ್ಮ ಸೀಮೆಯಲ್ಲಿ ಭೂಮಿ ಹುಣ್ಣಿಮೆಯನ್ನು ಆಚರಿಸುತ್ತೇವೆ. ಪೈರು ಹೊತ್ತ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ, ಬೆರಕೆ ಸೊಪ್ಪು ಮತ್ತು ಕಾಯಿಪಲ್ಲೆಗಳನ್ನು ಬೇಯಿಸಿ, ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಚರಗ ಚೆಲ್ಲುವ ಹಬ್ಬವದು. ಆ ಹಬ್ಬದ ಆಸುಪಾಸಿನಲ್ಲಿ ಬಿತ್ತಿದ ಹುರುಳಿಕಾಯಿ ಕಾರ್ತಿಕ ಮುಗಿಯುವಷ್ಟರಲ್ಲಿ ಕೈಗೆ ಬರುತ್ತದೆ. ನೀರಿನ ಅನುಕೂಲವಿದ್ದವರು ಜನವರಿಯವರೆಗೂ ಹದಿನೈದು ದಿನಗಳಿಗೊಮ್ಮೆ ಒಂದೊಂದು ಮಡಿ ಬಿತ್ತುತ್ತ ಹೋಗಬಹುದು. ಹೀಗೆ ಸರದಿಯಲ್ಲಿ ಬಿತ್ತಿದರೆ ಒಂದು ಮಡಿ ಮುಗಿಯುವಾಗ ಮತ್ತೊಂದು ಫಲಕ್ಕೆ ಬಂದಿರುತ್ತದೆ.

ಮಡಿ ಮತ್ತು ಬಿತ್ತನೆ

ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಏರುಮಡಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವಿರಬೇಕು. ಅಡಿಕೆ ಮರಗಳ ದಟ್ಟ ನೆರಳಿನಲ್ಲಿ ಇದು ಫಲಿಸದು. ಮಣ್ಣನ್ನು ಒಂದು ಅಡಿ ಆಳಕ್ಕೆ ಅಗೆದು ಹೆಂಟೆ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಹತ್ತು ಕಿಲೋದಷ್ಟು ಬೆರೆಸಿ, ಮಡಿಯನ್ನು ನೆಲದಿಂದ ಅರ್ಧ ಅಡಿ ಎತ್ತರಿಸಬೇಕು. ಹಸಿ ಸಗಣಿಯನ್ನು ಹಾಕಬಾರದು.

ಮಳೆ ಹೆಚ್ಚಿರುವ ನಮ್ಮ ಕೆಂಪು ಮಣ್ಣುಗಳಲ್ಲಿ, ವಿಶೇಷವಾಗಿ ಸೊರಬದ ಪಶ್ಚಿಮ ಭಾಗದಲ್ಲಿ, ಹುಳಿಯಂಶ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿ ಅಗತ್ಯವಿದ್ದರೆ ಸುಣ್ಣ ಸೇರಿಸುವುದು ಉತ್ತಮ. ಸೌದೆ ಒಲೆಯ ಬೂದಿಯನ್ನು ತೆಳುವಾಗಿ ಎರಚಿ ಮಣ್ಣಿಗೆ ಬೆರೆಸಿದರೆ ಹುಳಿ ಸ್ವಲ್ಪ ತಗ್ಗುತ್ತದೆ. ಗಿಡಕ್ಕೆ ಪೊಟ್ಯಾಷ್ ಕೂಡ ದೊರೆಯುತ್ತದೆ. ಯೂರಿಯಾ ಸುರಿದರೆ ಗಿಡ ಕಪ್ಪು ಹಸುರಾಗಿ ಎಲೆಯನ್ನೇ ಬೆಳೆಸುತ್ತದೆ, ಕಾಯಿ ತಡವಾಗುತ್ತದೆ. ದ್ವಿದಳ ಧಾನ್ಯದ ಕುಲಕ್ಕೆ ಸೇರಿದ ಈ ಗಿಡವು ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಆದರೆ ಅಲಸಂದೆಯಷ್ಟು ಸಮರ್ಥವಾಗಿ ಅಲ್ಲ. ಆದುದರಿಂದ ಗೊಬ್ಬರವನ್ನು ಪೂರ್ತಿ ಬಿಡಲೂಬಾರದು.

ಒಂದೂವರೆ ಅಡಿಗೆ ಸ್ವಲ್ಪ ಕಡಿಮೆ ಅಂತರದಲ್ಲಿ ಮೂರು ಸಾಲು ಗೀರಿ, ಸಾಲಿನಲ್ಲಿ ಅರ್ಧ ಅಡಿಗೊಂದರಂತೆ ಒಣ ಬೀಜವನ್ನು ಒಂದು ಅಂಗುಲಕ್ಕೆ ತುಸು ಮಿಗಿಲಾದ ಆಳದಲ್ಲಿ ಊರಬೇಕು. ಮಡಿಗೆ ಸುಮಾರು 60 ಗಿಡಗಳು ಹಿಡಿಯುತ್ತವೆ. ಬಿತ್ತುವ ಮುನ್ನ ನೆಲದಲ್ಲಿ ಹದವಿರಬೇಕು. ಬಿತ್ತಿದ ಮೇಲೆ ಮೊಳಕೆ ಕಾಣುವವರೆಗೆ ನೀರು ಹೊಯ್ಯುವ ಆತುರ ಬೇಡ. ವಾರದೊಳಗೆ, ಚಳಿಯಿದ್ದರೆ ಹತ್ತು ದಿನಗಳೊಳಗೆ, ಬಾಗಿದ ಮೊಳಕೆಗಳು ಮಣ್ಣನ್ನು ಸೀಳಿ ಮೇಲೇಳುತ್ತವೆ. ಹಿತ್ತಲಿಲ್ಲದ ಪೇಟೆಯ ಭಕ್ತರು ತಾರಸಿಯ ಮೇಲೆ ಒಂದು ಅಡಿ ಆಳದ ಕುಂಡದಲ್ಲಿ ಅಥವಾ ತೊಳೆದ ಗೊಬ್ಬರದ ಚೀಲದಲ್ಲಿ ಮೂರು ಮೂರು ಗಿಡ ಬೆಳೆಸಬಹುದು. ತಳದಲ್ಲಿ ನೀರು ಬಸಿಯಲು ತೂತುಗಳಿರಬೇಕು.

ಹೊದಿಕೆ ಹಾಸುವಾಗ ಎಚ್ಚರ

ಹುರುಳಿಕಾಯಿಯ ಬೇರು ಆಳಕ್ಕೆ ಇಳಿಯುವುದಿಲ್ಲ. ಕಳೆ ಕೀಳುವಾಗ ಆಳವಾಗಿ ಕೆದಕಿದರೆ ಬೇರು ಹರಿಯುತ್ತದೆ. ಮೇಲ್ಮಣ್ಣು ಒಣಗಿದರೆ ಹೂವು ಉದುರುತ್ತದೆ. ಹೀಗಾಗಿ ಗಿಡ ಗೇಣುದ್ದವಾದಾಗ ಬುಡಕ್ಕೆ ಸ್ವಲ್ಪ ಮಣ್ಣೇರಿಸಿ ನೆಲಕ್ಕೆ ಹೊದಿಕೆ ಹಾಸಬೇಕು. ಒಣ ಹುಲ್ಲು, ಅಡಿಕೆ ಸಿಪ್ಪೆ, ಮೆಕ್ಕೆಜೋಳದ ಒಣಗಿದ ರವದಿ ಇವೆಲ್ಲವೂ ಆಗುತ್ತವೆ.

ಕಾಡಿನ ದರಗಿನ ವಿಷಯದಲ್ಲಿ ಮಾತ್ರ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಲೋಕವೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರಿನಿಂದ ಬಲ್ಲ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ವೈರಾಣುವನ್ನು ಹರಡುವುದು ಉಣುಗು. ನವೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಾವು ಹುರುಳಿಕಾಯಿ ಬೆಳೆಯುವ ಕಾಲದಲ್ಲಿಯೇ, ಮರಿ ಉಣುಗುಗಳು ಕಾಡಿನ ತರಗೆಲೆಗಳಲ್ಲಿ ಹೆಚ್ಚಾಗಿರುತ್ತವೆ. ಈ ತಿಂಗಳುಗಳಲ್ಲಿ ಹೊದಿಕೆಗೆಂದು ಕಾಡಿಗೆ ಹೋಗಿ ದರಗು ಗುಡಿಸಿ ತರಬೇಡಿರಿ. ಹೋಗಲೇಬೇಕಾದ ಪ್ರಸಂಗವಿದ್ದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಹಂಚುವ ತೈಲವನ್ನು ಕೈಕಾಲುಗಳಿಗೆ ಹಚ್ಚಿ, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಮಂಗ ಸತ್ತುದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮನೆಮಂದಿಯ ಆರೋಗ್ಯಕ್ಕಾಗಿ ಬೆಳೆದ ಬೆಳೆಯ ನೆಪದಲ್ಲಿ ರೋಗವನ್ನು ಮನೆಗೆ ತರುವಂತಾಗಬಾರದು.

ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ಹಾಯಿಸಬೇಕು. ಎಲೆಯ ಮೇಲೆ ಚಿಮುಕಿಸಬಾರದು. ಹೂ ಬಿಟ್ಟಾಗಿನಿಂದ ಕಾಯಿ ಬಲಿಯುವವರೆಗೆ ತೇವ ಆರದಂತೆ ನೋಡಿಕೊಳ್ಳಬೇಕು. ಸಸ್ಯಹೇನು, ಬಿಳಿನೊಣಗಳು ಕಂಡರೆ ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ ಎಲೆಯ ಅಡಿಭಾಗಕ್ಕೆ ಸಂಜೆಯ ವೇಳೆ ಸಿಂಪಡಿಸಬಹುದು. ಎಲೆ ಹಳದಿ ಮಚ್ಚೆಯಾಗಿ ಮುರುಟಿಕೊಂಡ ಗಿಡವನ್ನು ಮರುಕಪಡದೆ ಕಿತ್ತು ಸುಡಬೇಕು. ಪ್ರತಿ ವರ್ಷ ಮಡಿಯ ಜಾಗವನ್ನು ಬದಲಿಸಬೇಕು. ರೋಗ ಯಾವುದೆಂದು ತಿಳಿಯದಿದ್ದಲ್ಲಿ ಒಂದೆರಡು ಎಲೆಗಳನ್ನು ತೋಟಗಾರಿಕೆ ಇಲಾಖೆಯವರಿಗೆ ಅಥವಾ ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಬಹುದು.

ಎರಡನೆಯ ವರ್ಷದ ಪಾಠ: ಕೊಯ್ಲು

ಎರಡನೆಯ ವರ್ಷ ಗಿಡಗಳು ಚೆನ್ನಾಗಿ ಬಂದವು. ಆದರೆ ನಾನು ಶಾಲೆಯ ಕೆಲಸದವನು; ಭಾನುವಾರ ಮಾತ್ರ ಹಿತ್ತಲಿಗೆ ಇಳಿಯುತ್ತಿದ್ದೆ. ಮೊದಲ ಭಾನುವಾರ ಬುಟ್ಟಿ ತುಂಬಿತು. ಎರಡನೆಯ ಭಾನುವಾರ ಅರ್ಧ ಕಾಯಿಗಳು ಬಲಿತು ನಾರಾಗಿದ್ದವು. ನಾಲ್ಕು ದಿನ ಬಿಟ್ಟರೆ ಇನ್ನೂ ದಪ್ಪವಾದಾವೆಂಬ ಆಸೆಯಿಂದ ಕೆಲವನ್ನು ಗಿಡದಲ್ಲಿಯೇ ಬಿಟ್ಟೆ. ಮೂರನೆಯ ಭಾನುವಾರಕ್ಕೆ ಹೊಸ ಹೂವೇ ಇರಲಿಲ್ಲ. ಎಲೆ ಹಳದಿಗೆ ತಿರುಗಿತ್ತು.

ಕಾರಣ ಸರಳ. ಗಿಡವು ಕಾಯಿ ಬಿಡುವುದು ನಮ್ಮ ಪಲ್ಯಕ್ಕಾಗಿ ಅಲ್ಲ, ತನ್ನ ಬೀಜಕ್ಕಾಗಿ. ಕಾಯಿಯೊಳಗೆ ಬೀಜ ಬಲಿಯತೊಡಗಿದೊಡನೆ ಗಿಡದ ಸಾರವೆಲ್ಲ ಅತ್ತ ಹರಿಯುತ್ತದೆ; ತನ್ನ ಕೆಲಸ ಮುಗಿಯಿತೆಂದು ಅದು ಹೂ ಬಿಡುವುದನ್ನು ನಿಲ್ಲಿಸುತ್ತದೆ. ಕಾಯಿ ಎಳೆಯದಿರುವಾಗಲೇ ಕೊಯ್ದರೆ, ಬೀಜ ಇನ್ನೂ ಆಗಿಲ್ಲವೆಂದು ಮತ್ತೆ ಹೂ ಬಿಡುತ್ತದೆ. ಹುರುಳಿಕಾಯಿಯ ಬೇಸಾಯದ ಗುಟ್ಟೆಲ್ಲ ಇಷ್ಟರಲ್ಲಿಯೇ ಇದೆ: ಕೊಯ್ದಷ್ಟು ಕಾಲ ಕೊಡುತ್ತದೆ, ಕೂಡಿಡಲು ಹೋದರೆ ನಿಲ್ಲಿಸುತ್ತದೆ. ಪಾತ್ರೆ ತುಂಬುವಷ್ಟು ದಪ್ಪವಾಗಲೆಂದು ಕಾದವನಿಗೆ ನಾರು ಸಿಗುತ್ತದೆ, ಕಾಯಿ ಸಿಗುವುದಿಲ್ಲ.

ಮೂರನೆಯ ವರ್ಷ ಕೊಯ್ಲಿನ ಹೊಣೆಯನ್ನು ತಂದೆಯವರೇ ವಹಿಸಿಕೊಂಡರು. ದಿನ ಬಿಟ್ಟು ದಿನ ಬೆಳಿಗ್ಗೆ ಪೂಜೆ ಮುಗಿಸಿ, ಇಬ್ಬನಿ ಆರಿದ ಮೇಲೆ ಬುಟ್ಟಿ ಹಿಡಿದು ಮಡಿಗೆ ಹೋಗುವುದು ಅವರ ನೇಮವಾಯಿತು. ಇಬ್ಬನಿ ಆರಬೇಕೆಂಬುದಕ್ಕೆ ಕಾರಣವಿದೆ. ಒದ್ದೆ ಎಲೆಗಳ ನಡುವೆ ಕೈಯಾಡಿಸಿದರೆ ತುಕ್ಕು, ಚಿಬ್ಬು, ಅಂಗಮಾರಿ ರೋಗಗಳ ಬೀಜಾಣುಗಳು ಒಂದು ಗಿಡದಿಂದ ಮತ್ತೊಂದಕ್ಕೆ ನಮ್ಮ ಬೆರಳಿನಿಂದಲೇ ದಾಟುತ್ತವೆ.

ಯಾವ ಕಾಯಿ ಕೊಯ್ಯಬೇಕು? ಹೂವರಳಿದ ಹತ್ತು ಹನ್ನೆರಡು ದಿನಗಳಲ್ಲಿ ಕಾಯಿ ಹದಕ್ಕೆ ಬರುತ್ತದೆ. ಅದರ ದಪ್ಪ ಸೀಸದಕಡ್ಡಿಯನ್ನು ಮೀರಿರಬಾರದು. ಒಳಗಿನ ಬೀಜಗಳು ಹೊರಗೆ ಉಬ್ಬಿ ಕಾಣಬಾರದು. ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಬಾರದು. ಎಡಗೈಯಲ್ಲಿ ರೆಂಬೆಯನ್ನು ಹಿಡಿದು ಬಲಗೈಯಿಂದ ಕಾಯಿಯನ್ನು ತೊಟ್ಟಿನಲ್ಲಿ ಚಿವುಟಬೇಕು. ಒಂದೇ ಕೈಯಲ್ಲಿ ಎಳೆದರೆ ಗಿಡವೇ ಬುಡಸಮೇತ ಅಲುಗುತ್ತದೆ; ಮಗ್ಗುಲಿನ ಹೂಗೊಂಚಲೂ ಕಿತ್ತು ಬರುತ್ತದೆ. ಎಲೆ ಎತ್ತಿ ಅಡಿಯನ್ನು ನೋಡಬೇಕು, ಅಲ್ಲಿ ಕಾಯಿಗಳು ಅಡಗಿರುತ್ತವೆ. ಕಣ್ತಪ್ಪಿ ಬಲಿತ ಕಾಯಿ ಕಂಡರೆ ತಿನ್ನಲು ಬೇಡವಾದರೂ ಕಿತ್ತು ಹಸುವಿನ ಮುಂದಿಡಬೇಕು. ಗಿಡದ ಮೇಲೆ ಉಳಿಸಬಾರದು.

ಗಿಡಕ್ಕೆ ನೂರು ಗ್ರಾಂ ಎಂದು ಲೆಕ್ಕ ಹಿಡಿದರೂ ಒಂದು ಮಡಿಯಿಂದ ಆರು ಕಿಲೋ ಕಾಯಿ ಮೂರು ವಾರಗಳಲ್ಲಿ ದೊರೆಯುತ್ತದೆ. ಅಂದರೆ ದಿನಕ್ಕೆ ಕಾಲು ಕಿಲೋಗೆ ಮಿಗಿಲು, ಮನೆಮಂದಿಗೆ ಒಂದು ಹೊತ್ತಿನ ಪಲ್ಯ. ತಟ್ಟೆಗೆ ಬೇಕಾದ ತರಕಾರಿಯೆಲ್ಲವೂ ಇದರಿಂದ ಒದಗದು. ಆದರೆ ಮಗ್ಗುಲಿನ ಮಡಿಗಳಲ್ಲಿ ಹರಿವೆ, ಮೆಂತ್ಯ, ಮೂಲಂಗಿಗಳಿದ್ದರೆ ಸಂತೆಯ ಚೀಲ ಹಗುರಾಗುತ್ತದೆ.

ಬೇಯಿಸಿಯೇ ತಿನ್ನಿರಿ

ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲ ತರಕಾರಿಗಳನ್ನೂ ಹಸಿಯಾಗಿ ತಿನ್ನುವ ಪದ್ಧತಿ ಈಚೆಗೆ ಹೆಚ್ಚುತ್ತಿದೆ. ಹುರುಳಿಕಾಯಿಯನ್ನು ಹಾಗೆ ತಿನ್ನಬಾರದು. ಈ ಜಾತಿಯ ಕಾಳುಗಳಲ್ಲಿ ಲೆಕ್ಟಿನ್ ಎಂಬ ಅಂಶವಿದೆ. ಒಣಗಿದ ಕಾಳಿನಲ್ಲಿ, ಅಂದರೆ ರಾಜ್ಮಾದಲ್ಲಿ, ಅದು ಅಧಿಕ. ಎಳೆಯ ಕಾಯಿಯಲ್ಲಿ ಕಡಿಮೆ. ಬೇಯದೆ ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಹೊಟ್ಟೆನೋವು ಉಂಟಾಗಬಹುದು. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೆಂದರೆ ಅದು ನಾಶವಾಗುತ್ತದೆ. ಬಲಿತ ಕಾಳನ್ನು ಬಳಸುವವರು ಮಾತ್ರ ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆಯಾದರೂ ಚೆನ್ನಾಗಿ ಕುದಿಸಬೇಕು.

ಕೊಯ್ದ ದಿನವೇ ಅಡುಗೆ ಮಾಡುವುದು ಶ್ರೇಷ್ಠ. ಇಡೀ ಕಾಯಿಯನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸಿ ಜೀವಸತ್ವ ನೀರಿನೊಡನೆ ಹರಿದುಹೋಗುತ್ತದೆ. ಸ್ವಲ್ಪವೇ ನೀರು ಹಾಕಿ, ಮುಚ್ಚಳ ಮುಚ್ಚಿ ಬೇಯಿಸಿ, ಸಾಸಿವೆ ಕರಿಬೇವುಗಳ ಒಗ್ಗರಣೆಯೊಡನೆ ಹಿಡಿಯಷ್ಟು ಕಾಯಿತುರಿ ಬೆರೆಸಿದರೆ ಅಕ್ಕಿರೊಟ್ಟಿಗೆ ಪಲ್ಯ ಸಿದ್ಧ. ಹೆಸರುಬೇಳೆ ಸೇರಿಸಿದರೆ ಪ್ರೋಟೀನು ಹೆಚ್ಚುತ್ತದೆ. ಉಪ್ಪು, ಎಣ್ಣೆಗಳು ಮಿತವಾಗಿರಲಿ.

ಇಬ್ಬರಿಗೆ ವಿಶೇಷ ಸೂಚನೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಕೆ ಜೀವಸತ್ವವಿರುವ ತರಕಾರಿಗಳನ್ನು ಒಂದು ವಾರ ಅತಿಯಾಗಿ, ಮರುವಾರ ಶೂನ್ಯವಾಗಿ ತಿನ್ನದೆ ಪ್ರಮಾಣವನ್ನು ಸಮನಾಗಿಟ್ಟುಕೊಳ್ಳಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ಪೊಟ್ಯಾಸಿಯಂ ವಿಷಯದಲ್ಲಿ ತಮ್ಮ ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ನಿರ್ಧರಿಸಬೇಕು.

ಬೀಜ ಮತ್ತು ದಾಸೋಹ

ಮಡಿಯ ಆರೋಗ್ಯವಂತ ಗಿಡಗಳಲ್ಲಿ ಐದಾರನ್ನು ಆರಂಭದಲ್ಲಿಯೇ ದಾರ ಕಟ್ಟಿ ಗುರುತಿಸಿ, ಅವುಗಳಿಂದ ಕಾಯಿ ಕೊಯ್ಯದೆ ಬೀಜಕ್ಕೆ ಬಿಡಬೇಕು. ಹುರುಳಿಕಾಯಿಯು ಬಹುಮಟ್ಟಿಗೆ ತನ್ನ ಹೂವಿನಲ್ಲಿಯೇ ಪರಾಗಸ್ಪರ್ಶಗೊಳ್ಳುವುದರಿಂದ ತಳಿ ಸುಲಭವಾಗಿ ಕೆಡುವುದಿಲ್ಲ. ಕಾಯಿ ಗಿಡದಲ್ಲಿಯೇ ಒಣಗಿ ಗಲಗಲ ಎಂದಾಗ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ವರ್ಷಕ್ಕೆ ಬೀಜ ಕೊಳ್ಳುವ ಪ್ರಮೇಯವಿಲ್ಲ.

ಫಲದ ದಿನಗಳಲ್ಲಿ ಕೆಲವೊಮ್ಮೆ ಮನೆಗೆ ಬೇಕಾದುದಕ್ಕಿಂತ ಹೆಚ್ಚು ಕಾಯಿ ಬರುತ್ತದೆ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಹೆಚ್ಚಾದುದನ್ನು ಹಿಂದಕ್ಕೆ ಒಯ್ದು ಬಿಟ್ಟುಬನ್ನಿರೆಂದು ಹೇಳಿದ ಲಕ್ಕಮ್ಮ ತಾಯಿಯವರ ವಿವೇಕ ಅಂಥ ವೇಳೆ ನೆನಪಾಗಬೇಕು. ಗಿಡಕ್ಕೆ ಹಿಂದಿರುಗಿಸುವಂತಿಲ್ಲ, ಗಿಡದಲ್ಲಿ ಬಿಟ್ಟರೆ ಅದು ಫಲ ಕೊಡುವುದನ್ನೇ ನಿಲ್ಲಿಸುತ್ತದೆ. ಆದುದರಿಂದ ಕೊಯ್ದು ಹಂಚುವುದೊಂದೇ ದಾರಿ. ನಮ್ಮ ತಂದೆಯವರ ಬುಟ್ಟಿಯ ಮೊದಲ ಹಿಡಿ ಬೇಲಿಯಾಚೆಯ ಅಜ್ಜಿಗೆ ಸಲ್ಲುತ್ತದೆ. ಮಿಕ್ಕದ್ದು ಓಣಿಯ ಬಾಣಂತಿಯರಿರುವ ಮನೆಗೆ, ಶ್ರೀಮಠದ ದಾಸೋಹಕ್ಕೆ.

ತಂದೆಯವರ ಕಾಯಿಲೆ ಮಾಯವಾಯಿತೆಂದು ನಾನು ಬರೆದರೆ ಅದು ಸುಳ್ಳಾದೀತು. ಮಾತ್ರೆಗಳು ಮುಂದುವರಿದಿವೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯೂ ನಡೆದಿದೆ. ಹುರುಳಿಕಾಯಿ ಮಾತ್ರೆಗೆ ಬದಲಿಯಲ್ಲ. ಆದರೆ ಅವರ ತಟ್ಟೆ ಬದಲಾಗಿದೆ: ಅನ್ನ ಒಂದು ಮಗ್ಗುಲ್ಲಿಗೆ ಸರಿದು, ಅರ್ಧ ಭಾಗವನ್ನು ಪಲ್ಯ, ಸೊಪ್ಪುಗಳು ಆಕ್ರಮಿಸಿವೆ. ಕಳೆದ ಬಾರಿ ವೈದ್ಯರು ಅದೇ ಪ್ರಶ್ನೆಯನ್ನು ಕೇಳಿದಾಗ ತಂದೆಯವರು ಬಾಯಿಯಿಂದ ಉತ್ತರ ಹೇಳಲಿಲ್ಲ. ಚೀಲದಿಂದ ಒಂದು ಹಿಡಿ ಎಳೆ ಹುರುಳಿಕಾಯಿ ತೆಗೆದು ವೈದ್ಯರ ಮೇಜಿನ ಮೇಲಿಟ್ಟರು.

ಈ ವರ್ಷದ ಭೂಮಿ ಹುಣ್ಣಿಮೆಗೆ ತಮ್ಮ ಹಿತ್ತಲಿನಲ್ಲಿಯೂ ನಾಲ್ಕಡಿ ಅಗಲದ ಒಂದು ಮಡಿ ಸಿದ್ಧವಾಗಲಿ. ಬೀಜವಿಲ್ಲದವರು ಬೀಜವಿದ್ದವರಲ್ಲಿ ಕೇಳಿ ಪಡೆಯಿರಿ; ಇದ್ದವರು ಶ್ರೀಮಠಕ್ಕೆ ಬರುವಾಗ ಒಂದು ಪೊಟ್ಟಣ ತನ್ನಿರಿ.